ನ್ಯಾಯಾಧೀಶರನ್ನು ಆರಿಸಿಕೊಳ್ಳಲು ಬಿಡದ ನ್ಯಾಯಾಲಯ: ಉತ್ತರ ಕ್ಯಾಲಿಫೋರ್ನಿಯದ ಫೆಡರಲ್ ಜಿಲ್ಲಾ ನ್ಯಾಯಾಲಯದ ರಚನೆ ಮತ್ತು ಅಲ್ಲಿ ಕುಳಿತವರು

(ವಕೀಲರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನು ಬರಹಕ್ಕೆ ಇಳಿಸುವಾಗ ಕೆಲವು ವಿವರಗಳನ್ನು ಸೇರಿಸಿದ್ದೇನೆ, ಪುನರುಕ್ತಿಗಳನ್ನು ಬಿಟ್ಟಿದ್ದೇನೆ.)

ಅಮೆರಿಕದ ನ್ಯಾಯಾಂಗ ಎಂದಾಗ ನಮ್ಮಲ್ಲಿ ಬಹುಪಾಲು ಜನರಿಗೆ ನೆನಪಾಗುವುದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ಮತ್ತು ಅದರ 9 ನ್ಯಾಯಮೂರ್ತಿಗಳು. ಆ ನ್ಯಾಯಾಲಯ ಪೂರ್ಣ ವಾದ ಆಲಿಸಿ ತೀರ್ಮಾನಿಸುವುದು ವರ್ಷಕ್ಕೆ ಸುಮಾರು 60ರಿಂದ 70 ಪ್ರಕರಣಗಳನ್ನು ಮಾತ್ರ. ಸಾಕ್ಷಿ ಕಟಕಟೆ ಹತ್ತುವುದು, ವಕೀಲರು ಪಾಟೀ ಸವಾಲು ಹಾಕುವುದು, ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕರೆಸಿದ ಸಾಮಾನ್ಯ ನಾಗರಿಕರ ಗುಂಪು, ಕೋಣೆಯೊಳಗೆ ಸೇರಿ ಚರ್ಚಿಸುವುದು, ಆರೋಪಿಗೆ ಶಿಕ್ಷೆಯ ಪ್ರಮಾಣ ಓದಿ ಹೇಳುವುದು, ಇವೆಲ್ಲ ನಡೆಯುವುದು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿರುವ ಜಿಲ್ಲಾ ನ್ಯಾಯಾಲಯಗಳಲ್ಲಿ. ಇಡೀ ದೇಶದಲ್ಲಿ ಇಂಥ 94 ಫೆಡರಲ್ ಜಿಲ್ಲಾ ನ್ಯಾಯಾಲಯಗಳಿವೆ. ಇಂದು ನಾನು ಮಾತನಾಡಲು ಆರಿಸಿಕೊಂಡಿರುವುದು ಅವುಗಳಲ್ಲಿ ಒಂದನ್ನು, ಕ್ಯಾಲಿಫೋರ್ನಿಯ ಉತ್ತರ ಜಿಲ್ಲೆಯ ನ್ಯಾಯಾಲಯವನ್ನು. ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್, ಸ್ಯಾನ್ ಹೋಸೆ ನಗರಗಳು, ಸಿಲಿಕಾನ್ ಕಣಿವೆಯ ಕಂಪನಿಗಳು ಮತ್ತು ಅಲ್ಲಿ ಮನೆ ಮಾಡಿಕೊಂಡಿರುವ ಸಾವಿರಾರು ಕನ್ನಡಿಗರು ಇದರ ವ್ಯಾಪ್ತಿಗೆ ಬರುವುದು ನನ್ನ ಆಯ್ಕೆಗೆ ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದದ್ದು. ಈ ನ್ಯಾಯಾಲಯದ ರಚನೆಯನ್ನು ಗಮನವಿಟ್ಟು ನೋಡಿದರೆ ಅದರ ಹೆಚ್ಚುಕಡಿಮೆ ಪ್ರತಿಯೊಂದು ನಿಯಮದ ಹಿಂದೆಯೂ ಒಂದೇ ಆತಂಕ ಕೆಲಸ ಮಾಡಿರುವುದು ಕಾಣುತ್ತದೆ: ತನ್ನ ಪ್ರಕರಣವನ್ನು ಯಾವ ನ್ಯಾಯಾಧೀಶರು ಕೇಳಬೇಕೆಂಬುದನ್ನು ಯಾರೂ, ಕಕ್ಷಿದಾರರಾಗಲಿ, ಸರ್ಕಾರವಾಗಲಿ, ಮುಖ್ಯ ನ್ಯಾಯಾಧೀಶರೇ ಆಗಲಿ, ಆರಿಸಿಕೊಳ್ಳುವಂತಾಗಬಾರದು ಎಂಬುದು.

ಮೊದಲು ನಮ್ಮ ವ್ಯವಸ್ಥೆಗೂ ಅವರದಕ್ಕೂ ಇರುವ ಮೂಲ ವ್ಯತ್ಯಾಸವನ್ನು ಹೇಳಿಬಿಡುತ್ತೇನೆ. ಭಾರತದ ನ್ಯಾಯಾಂಗ ಒಂದೇ ಸರಪಳಿ. ಸಂಸತ್ತಿನ ಕಾಯ್ದೆಯ ಕೆಳಗಿನ ಪ್ರಕರಣವಾಗಲಿ, ವಿಧಾನಮಂಡಲದ ಕಾಯ್ದೆಯ ಕೆಳಗಿನದಾಗಲಿ, ಎರಡೂ ಅದೇ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತುತ್ತವೆ. ಅಮೆರಿಕದಲ್ಲಿ ಸರಪಳಿಗಳು ಎರಡು. ಕ್ಯಾಲಿಫೋರ್ನಿಯ ರಾಜ್ಯದ 58 ಕೌಂಟಿಗಳಲ್ಲಿ ಒಂದೊಂದರಲ್ಲೂ ರಾಜ್ಯದ ಸುಪೀರಿಯರ್ ಕೋರ್ಟು ಇದೆ. ವಿಚ್ಛೇದನ, ಉಯಿಲು, ಬಾಡಿಗೆ ತಕರಾರು, ಸಾಮಾನ್ಯ ಕಳವು, ಕೊಲೆ ಇವೆಲ್ಲ ಅಲ್ಲಿಗೆ ಹೋಗುತ್ತವೆ. ಅದೇ ಊರಿನಲ್ಲಿ, ಕೆಲವೊಮ್ಮೆ ಅದೇ ಬೀದಿಯಲ್ಲಿ, ಫೆಡರಲ್ ನ್ಯಾಯಾಲಯ ಬೇರೆಯಾಗಿ ನಿಂತಿರುತ್ತದೆ. ಅದಕ್ಕೆ ಬರುವುದು ದೇಶದ ಸಂವಿಧಾನ ಅಥವಾ ಫೆಡರಲ್ ಕಾನೂನಿನ ಪ್ರಶ್ನೆಯಿರುವ ದಾವೆಗಳು, ಫೆಡರಲ್ ಸರ್ಕಾರ ಒಂದು ಕಕ್ಷಿಯಾಗಿರುವ ಪ್ರಕರಣಗಳು, ಫೆಡರಲ್ ಅಪರಾಧಗಳು, ಮತ್ತು ಬೇರೆ ಬೇರೆ ರಾಜ್ಯಗಳವರ ನಡುವಿನ 75,000 ಡಾಲರ್ ಮೀರಿದ ವ್ಯಾಜ್ಯಗಳು. ಎರಡೂ ಕಡೆ ಹೋಗಬಹುದಾದ ದಾವೆಗಳೂ ಇವೆ. ಸಿಸ್ಕೋ ಕಂಪನಿಯಲ್ಲಿ ಜಾತಿ ತಾರತಮ್ಯ ನಡೆದಿದೆ ಎಂಬ ಆರೋಪದ ಮೇಲೆ ಕ್ಯಾಲಿಫೋರ್ನಿಯ ಸರ್ಕಾರದ ಇಲಾಖೆ 2020ರಲ್ಲಿ ಹೂಡಿದ ದಾವೆಯ ಸುದ್ದಿ ಭಾರತದಲ್ಲೂ ಚರ್ಚೆಗೆ ಬಂದಿತ್ತು. ಇಲಾಖೆ ಅದನ್ನು ಮೊದಲು ಸಲ್ಲಿಸಿದ್ದು ಇದೇ ಫೆಡರಲ್ ನ್ಯಾಯಾಲಯದಲ್ಲಿ. ಅದೇ ವರ್ಷ ಅಲ್ಲಿಂದ ಹಿಂತೆಗೆದುಕೊಂಡು ಸ್ಯಾಂಟಾ ಕ್ಲಾರಾ ಕೌಂಟಿಯ ಸುಪೀರಿಯರ್ ಕೋರ್ಟಿನಲ್ಲಿ ಹೊಸದಾಗಿ ಹೂಡಿತು. ಅಂದರೆ ಯಾವ ಬಾಗಿಲು ತಟ್ಟಬೇಕು ಎಂಬ ಆಯ್ಕೆ ಸ್ವಲ್ಪ ಮಟ್ಟಿಗೆ ವಾದಿಯ ಕೈಯಲ್ಲಿರುತ್ತದೆ. ಆದರೆ ಫೆಡರಲ್ ಬಾಗಿಲು ದಾಟಿ ಒಳಗೆ ಹೋದ ಮೇಲೆ ಯಾವ ಕುರ್ಚಿಯ ಮುಂದೆ ನಿಲ್ಲಬೇಕು ಎಂಬ ಆಯ್ಕೆ ಇಲ್ಲ.

ಉತ್ತರ ಜಿಲ್ಲೆಯಲ್ಲಿ 15 ಕೌಂಟಿಗಳಿವೆ. ದಕ್ಷಿಣದಲ್ಲಿ ಮಾಂಟೆರೆಯಿಂದ ಹಿಡಿದು ಉತ್ತರದಲ್ಲಿ ಆರೆಗನ್ ಗಡಿಗೆ ಹೊಂದಿಕೊಂಡ ಡೆಲ್ ನಾರ್ಟ್‌ವರೆಗೆ ಪೆಸಿಫಿಕ್ ಕರಾವಳಿಯ ಉದ್ದಕ್ಕೂ ಅದು ಹರಡಿಕೊಂಡಿದೆ. ಅಮೆರಿಕದ ಸಂಸತ್ತು ಇದಕ್ಕೆ ಮಂಜೂರು ಮಾಡಿರುವ ಪೂರ್ಣಾವಧಿ ನ್ಯಾಯಾಧೀಶ ಹುದ್ದೆಗಳು 14. ಇವರೆಲ್ಲ ಒಂದೇ ನ್ಯಾಯಾಲಯದ ಸದಸ್ಯರಾದರೂ ಕುಳಿತುಕೊಳ್ಳುವುದು ಸ್ಯಾನ್ ಫ್ರಾನ್ಸಿಸ್ಕೊ, ಓಕ್ಲೆಂಡ್ ಮತ್ತು ಸ್ಯಾನ್ ಹೋಸೆ ಎಂಬ ಮೂರು ಕಡೆ. ಉತ್ತರದ ತುದಿಯ ಯುರೇಕಾ-ಮೆಕಿನ್ಲಿವಿಲ್ ವಿಭಾಗಕ್ಕೆ ಒಬ್ಬ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಿದ್ದಾರೆ. ಕರ್ನಾಟಕದವರಿಗೆ ಇದು ಹೊಸದಲ್ಲ. ನಮ್ಮ ಹೈಕೋರ್ಟು ಕೂಡ ಒಂದೇ, ಅದರ ಪೀಠಗಳು ಬೆಂಗಳೂರು, ಧಾರವಾಡ, ಕಲಬುರಗಿ ಎಂದು ಮೂರು ಕಡೆ; ಧಾರವಾಡದವರ ರಿಟ್ ಅರ್ಜಿ ಧಾರವಾಡದಲ್ಲೇ ಕೇಳಿಬರಬೇಕೆಂಬ ಒತ್ತಾಯ ದಶಕಗಳ ಕಾಲ ನಡೆದು 2008ರಲ್ಲಿ ಫಲಿಸಿದ್ದನ್ನು ಈ ಸಭೆಯ ಹಿರಿಯರು ಬಲ್ಲರು. ಉತ್ತರ ಜಿಲ್ಲೆಯಲ್ಲೂ ಸಾಮಾನ್ಯ ಸಿವಿಲ್ ದಾವೆ ಹುಟ್ಟಿದ ಕೌಂಟಿಗೆ ಸಂಬಂಧಿಸಿದ ವಿಭಾಗಕ್ಕೇ ಹೋಗುತ್ತದೆ. ಸ್ಯಾಂಟಾ ಕ್ಲಾರಾ, ಸ್ಯಾಂಟಾ ಕ್ರೂಜ್, ಸ್ಯಾನ್ ಬೆನಿಟೊ, ಮಾಂಟೆರೆ ಕೌಂಟಿಗಳ ದಾವೆಗಳು ಸ್ಯಾನ್ ಹೋಸೆಗೆ ಸೇರುತ್ತವೆ. ಆದರೆ ಪೇಟೆಂಟ್ ಮತ್ತಿತರ ಬೌದ್ಧಿಕ ಸ್ವತ್ತಿನ ದಾವೆಗಳು, ಷೇರುದಾರರ ಸಾಮೂಹಿಕ ದಾವೆಗಳು, ಏಕಸ್ವಾಮ್ಯ ವಿರೋಧಿ ದಾವೆಗಳಂಥ ಕೆಲವು ಬಗೆಯವನ್ನು ವಿಭಾಗದ ಗಡಿ ನೋಡದೆ ಇಡೀ ಜಿಲ್ಲೆಯ ನ್ಯಾಯಾಧೀಶರ ನಡುವೆ ಹಂಚುತ್ತಾರೆ. ಇದು ಯೋಚಿಸಿ ಮಾಡಿದ ಏರ್ಪಾಡು. ಹಣ ಮತ್ತು ವಕೀಲಬಲ ಹೆಚ್ಚಿರುವ ಕಡೆಯೇ ತಮಗೆ ಒಪ್ಪುವ ವಿಭಾಗ ಹುಡುಕುವ ಆಸೆಯೂ ಹೆಚ್ಚಿರುತ್ತದೆ.

ಈಗ ದಾವೆ ದಾಖಲಾಗುವ ಕ್ಷಣಕ್ಕೆ ಬರೋಣ. ವಕೀಲರು ದೂರನ್ನು ವಿದ್ಯುನ್ಮಾನ ವ್ಯವಸ್ಥೆಯ ಮೂಲಕ ಸಲ್ಲಿಸುತ್ತಾರೆ. ಕ್ಲರ್ಕ್ ಕಚೇರಿ ಅದಕ್ಕೆ ಸಂಖ್ಯೆ ಕೊಡುತ್ತದೆ. ಗಣಕಯಂತ್ರ ಅರ್ಹ ನ್ಯಾಯಾಧೀಶರ ಪಟ್ಟಿಯಿಂದ ಲಾಟರಿಯಂತೆ ಒಂದು ಹೆಸರನ್ನು ಎತ್ತುತ್ತದೆ. ಪ್ರಕರಣದ ಸಂಖ್ಯೆಯ ಕೊನೆಗೆ ಆ ನ್ಯಾಯಾಧೀಶರ ಹೆಸರಿನ ಮೊದಲಕ್ಷರಗಳು ಅಂಟಿಕೊಳ್ಳುತ್ತವೆ. ಅಲ್ಲಿಂದ ಮುಂದೆ ತಡೆಯಾಜ್ಞೆಯ ಅರ್ಜಿಯಿಂದ ಹಿಡಿದು ಅಂತಿಮ ತೀರ್ಪಿನವರೆಗೆ ಆ ಒಬ್ಬರೇ. ನಮ್ಮ ಹೈಕೋರ್ಟುಗಳಲ್ಲಿ ರೋಸ್ಟರ್ (ಯಾವ ಪೀಠ ಯಾವ ಬಗೆಯ ಪ್ರಕರಣ ಕೇಳಬೇಕೆಂಬ ಪಟ್ಟಿ) ಬದಲಾದಾಗ ಅರ್ಧ ವಾದ ಕೇಳಿದ ಪ್ರಕರಣವೂ ಬೇರೆ ಪೀಠದ ಮುಂದೆ ಹೋಗಿ ನಿಲ್ಲುವುದನ್ನು ಕಂಡ ವಕೀಲರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ರೋಸ್ಟರ್ ನಿಗದಿ ಮಾಡುವ ಅಧಿಕಾರ ನಮ್ಮಲ್ಲಿ ಮುಖ್ಯ ನ್ಯಾಯಮೂರ್ತಿಗಳದು. ಆ ಅಧಿಕಾರದ ಬಳಕೆಯ ಬಗೆಗೇ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆದದ್ದು ನೆನಪಿರಬಹುದು. ಉತ್ತರ ಜಿಲ್ಲೆಯ ಮುಖ್ಯ ನ್ಯಾಯಾಧೀಶರಿಗೆ ಅಂಥ ಅಧಿಕಾರವಿಲ್ಲ. ಹಂಚಿಕೆಯ ನಿಯಮವನ್ನು ನ್ಯಾಯಾಧೀಶರೆಲ್ಲ ಸೇರಿ ಸಾಮಾನ್ಯ ಆದೇಶದ ರೂಪದಲ್ಲಿ ಹೊರಡಿಸುತ್ತಾರೆ, ಅದು ಎಲ್ಲರಿಗೂ ಓದಲು ಸಿಗುತ್ತದೆ.

ಹೋಲಿಕೆಗೆ ಇನ್ನೊಂದು ಸಂಗತಿ. ಕ್ಯಾಲಿಫೋರ್ನಿಯದ ರಾಜ್ಯ ನ್ಯಾಯಾಲಯಗಳಲ್ಲಿ ಒಬ್ಬ ಕಕ್ಷಿದಾರ ತನಗೆ ಬಂದ ನ್ಯಾಯಾಧೀಶರನ್ನು, ಅವರು ಪೂರ್ವಗ್ರಹವುಳ್ಳವರು ಎಂದು ಪ್ರಮಾಣ ಮಾಡಿ ಹೇಳಿದರೆ ಸಾಕು, ಯಾವ ಸಾಬೀತೂ ಇಲ್ಲದೆ ಒಂದು ಬಾರಿ ಬದಲಾಯಿಸಿಕೊಳ್ಳಬಹುದು. ಫೆಡರಲ್ ನ್ಯಾಯಾಲಯದಲ್ಲಿ ಆ ಸೌಲಭ್ಯ ಇಲ್ಲ. ಪೂರ್ವಗ್ರಹವಿದೆಯೆಂದರೆ ಕಾರಣ ತೋರಿಸಬೇಕು, ತೀರ್ಪು ವಿರುದ್ಧ ಬಂದಿತೆಂಬುದು ಕಾರಣವಾಗುವುದಿಲ್ಲ.

ಲಾಟರಿಗೂ ಒಂದು ಸಂದು ಉಂಟು. ಈಗಾಗಲೇ ನಡೆಯುತ್ತಿರುವ ಪ್ರಕರಣದ ಜೊತೆ ಹೊಸ ದಾವೆಗೆ ಹತ್ತಿರದ ಸಂಬಂಧವಿದ್ದರೆ ಅದನ್ನು ಅದೇ ನ್ಯಾಯಾಧೀಶರಿಗೆ ಒಪ್ಪಿಸಬೇಕೆಂದು ಕೇಳಬಹುದು. ಒಬ್ಬರು ತಿಂಗಳುಗಟ್ಟಲೆ ಓದಿ ಅರ್ಥ ಮಾಡಿಕೊಂಡದ್ದನ್ನು ಇನ್ನೊಬ್ಬರು ಮೊದಲಿನಿಂದ ಓದುವುದು ವ್ಯರ್ಥ ಎಂಬುದು ಇದರ ಸಮರ್ಥನೆ. ಸಂಬಂಧ ಇದೆಯೇ ಇಲ್ಲವೇ ಎಂದು ನಿರ್ಧರಿಸುವವರು ಹಳೆಯ ಪ್ರಕರಣ ಯಾರ ಬಳಿ ಇದೆಯೋ ಆ ನ್ಯಾಯಾಧೀಶರೇ. ಜಾಣ ವಕೀಲರು ಈ ಸಂದಿನಲ್ಲಿ ನುಸುಳಲು ನೋಡುತ್ತಾರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಟೆಕ್ಸಾಸಿನಲ್ಲಿ ಕಂಡದ್ದು ಇಲ್ಲಿ ಕಾಣಲಿಲ್ಲ. ಟೆಕ್ಸಾಸಿನ ವೇಕೋ ವಿಭಾಗದಲ್ಲಿ ಇದ್ದವರು ಒಬ್ಬರೇ ಜಿಲ್ಲಾ ನ್ಯಾಯಾಧೀಶರು. ಅಲ್ಲಿ ದಾವೆ ಹೂಡಿದರೆ ಅವರಿಗೇ ಹೋಗುತ್ತದೆಂಬ ಖಾತ್ರಿಯಿಂದ ದೇಶದ ಪೇಟೆಂಟ್ ದಾವೆಗಳಲ್ಲಿ ಐದರಲ್ಲಿ ಒಂದು ಪಾಲು ಆ ಸಣ್ಣ ಊರಿಗೆ ನುಗ್ಗಿತು. 2022ರ ಜುಲೈಯಲ್ಲಿ ಆ ಜಿಲ್ಲೆಯ ಮುಖ್ಯ ನ್ಯಾಯಾಧೀಶರು ವೇಕೋದ ಪೇಟೆಂಟ್ ದಾವೆಗಳನ್ನು 12 ನ್ಯಾಯಾಧೀಶರ ನಡುವೆ ಹಂಚಬೇಕೆಂದು ಆದೇಶಿಸಬೇಕಾಯಿತು. ಸಿಲಿಕಾನ್ ಕಣಿವೆಯನ್ನೇ ಮಡಿಲಲ್ಲಿಟ್ಟುಕೊಂಡ ಉತ್ತರ ಜಿಲ್ಲೆ ಪೇಟೆಂಟ್ ದಾವೆಗಳನ್ನು ಮೊದಲಿನಿಂದಲೂ ಹಂಚಿಕೊಂಡು ಬಂದಿದೆ.

ಹಾಗಾದರೆ ಈ ಪಟ್ಟಿಯೊಳಗೆ ಹೆಸರು ಸೇರುವುದು ಹೇಗೆ? ಇಲ್ಲಿ ಆಯ್ಕೆ ಇದೆ, ಅದೂ ಬಹಿರಂಗವಾದ ರಾಜಕೀಯ ಆಯ್ಕೆ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಸಾರ್ವಜನಿಕವಾಗಿ ಪ್ರಶ್ನಿಸಿ ಮತ ಹಾಕುತ್ತದೆ, ಆ ರಾಜ್ಯದ ಇಬ್ಬರು ಸೆನೆಟರುಗಳ ಒಪ್ಪಿಗೆಗೆ ರೂಢಿಯಲ್ಲಿ ತೂಕವಿದೆ. ಯಾವ ಅಧ್ಯಕ್ಷರು ನೇಮಿಸಿದರೆಂಬುದು ನ್ಯಾಯಾಧೀಶರ ಹೆಸರಿಗೆ ಬಾಲದಂತೆ ಜೀವನಪರ್ಯಂತ ಅಂಟಿಕೊಳ್ಳುತ್ತದೆ. ಹಿರಿಯ ನ್ಯಾಯಮೂರ್ತಿಗಳೇ ಹೊಸಬರ ಹೆಸರು ಆರಿಸುವ ನಮ್ಮ ಕೊಲಿಜಿಯಂ ಪದ್ಧತಿಯ ಮುಚ್ಚಿದ ಬಾಗಿಲಿಗೆ ಬೇಸತ್ತವರು ಇದನ್ನು ಮೆಚ್ಚಬಹುದು, ಆದರೆ ಬಾಗಿಲು ತೆರೆದಷ್ಟಕ್ಕೇ ಒಳಗಿನ ಲೆಕ್ಕಾಚಾರ ಶುದ್ಧವಾಗುವುದಿಲ್ಲ. 2024ರಲ್ಲಿ ದೇಶದಾದ್ಯಂತ 60ಕ್ಕೂ ಹೆಚ್ಚು ಹೊಸ ಜಿಲ್ಲಾ ನ್ಯಾಯಾಧೀಶ ಹುದ್ದೆಗಳನ್ನು ಸೃಷ್ಟಿಸುವ ಮಸೂದೆಗೆ ಎರಡೂ ಪಕ್ಷಗಳ ಬೆಂಬಲವಿತ್ತು. ಮುಂದಿನ ಅಧ್ಯಕ್ಷರು ಯಾರೆಂದು ಗೊತ್ತಿಲ್ಲದಾಗ ಸೆನೆಟ್ ಅದನ್ನು ಒಪ್ಪಿತು, ಗೊತ್ತಾದ ಮೇಲೆ ಕೆಳಮನೆ ಒಪ್ಪಿತು, ಅಧಿಕಾರ ಬಿಟ್ಟುಹೋಗಲಿದ್ದ ಅಧ್ಯಕ್ಷ ಬೈಡನ್ ಡಿಸೆಂಬರಿನಲ್ಲಿ ಅದಕ್ಕೆ ವೀಟೊ ಹಾಕಿದರು. ಹೊಸ ಹುದ್ದೆಗಳು ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಅಷ್ಟಾಗಿ ಇರಲಿಲ್ಲ, ಅವನ್ನು ತುಂಬುವವರು ಯಾರೆಂಬುದೇ ಪ್ರಶ್ನೆಯಾಗಿತ್ತು.

ನೇಮಕವಾದ ಮೇಲೆ ಮಾತ್ರ ಹಗ್ಗ ಕಡಿದಂತೆ. ಹುದ್ದೆ ಜೀವಾವಧಿಯದು. ಸಂಬಳವನ್ನು, ಅದು 2024ರಲ್ಲಿ ವರ್ಷಕ್ಕೆ 2,43,300 ಡಾಲರ್ ಇತ್ತು, ಅವರು ಹುದ್ದೆಯಲ್ಲಿರುವವರೆಗೆ ಕಡಿಮೆ ಮಾಡುವಂತಿಲ್ಲವೆಂದು ಸಂವಿಧಾನವೇ ಹೇಳುತ್ತದೆ. ವರ್ಗಾವಣೆ ಇಲ್ಲ. ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರು 60ಕ್ಕೂ ಹೈಕೋರ್ಟಿನ ನ್ಯಾಯಮೂರ್ತಿಗಳು 62ಕ್ಕೂ ನಿವೃತ್ತರಾಗಿ, ಅನಂತರ ಯಾವ ಆಯೋಗ, ಯಾವ ನ್ಯಾಯಮಂಡಳಿ ಎಂಬ ಮಾತು ಶುರುವಾಗುತ್ತದೆ. ಅಲ್ಲಿ 65 ವಯಸ್ಸಾಗಿ 15 ವರ್ಷ ಸೇವೆ ಮುಗಿದವರು ಪೂರ್ಣ ಸಂಬಳದೊಂದಿಗೆ ಹಿರಿಯ ನ್ಯಾಯಾಧೀಶರ ದರ್ಜೆಗೆ ಸರಿದು, ಕಡಿಮೆ ಪ್ರಕರಣಗಳನ್ನು ಇಟ್ಟುಕೊಂಡು ಅದೇ ಪೀಠದಲ್ಲಿ ಮುಂದುವರಿಯಬಹುದು. ಅವರ ಜಾಗ ತೆರವಾಗಿ ಹೊಸಬರ ನೇಮಕಕ್ಕೆ ದಾರಿಯಾಗುತ್ತದೆ. ಇದು ಹೆಸರಿಗಷ್ಟೇ ನಿವೃತ್ತಿ. ಚಾರ್ಲ್ಸ್ ಬ್ರೇಯರ್ 2011ರ ಕೊನೆಗೆ ಹಿರಿಯ ದರ್ಜೆಗೆ ಹೋದವರು. ಫೋಕ್ಸ್‌ವ್ಯಾಗನ್ ಕಂಪನಿ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ಬಯಲಾದಾಗ ದೇಶದ ಎಲ್ಲೆಡೆಯಿಂದ ಬಂದ ನೂರಾರು ದಾವೆಗಳನ್ನು ಒಟ್ಟುಮಾಡಿ ಒಪ್ಪಿಸಿದ್ದು ಅವರಿಗೆ, 2015ರ ಡಿಸೆಂಬರಿನಲ್ಲಿ. ವರ್ಷ ತುಂಬುವ ಮೊದಲೇ ಸುಮಾರು 1,470 ಕೋಟಿ ಡಾಲರಿನ ರಾಜಿಗೆ ಅವರು ಒಪ್ಪಿಗೆ ಕೊಟ್ಟರು.

ಮುಖ್ಯ ನ್ಯಾಯಾಧೀಶರ ವಿಷಯದಲ್ಲೂ ಆಯ್ಕೆಗೆ ಎಡೆಯಿಲ್ಲ. ಹುದ್ದೆ ತೆರವಾದಾಗ 65 ತುಂಬದ, ಕನಿಷ್ಠ ಒಂದು ವರ್ಷ ಸೇವೆ ಮಾಡಿದ ನ್ಯಾಯಾಧೀಶರಲ್ಲಿ ಅತಿ ಹಿರಿಯರು ತಾವಾಗಿಯೇ ಮುಖ್ಯ ನ್ಯಾಯಾಧೀಶರಾಗುತ್ತಾರೆ, ಹೆಚ್ಚೆಂದರೆ 7 ವರ್ಷ. 1997ರಿಂದ ಮರ್ಲಿನ್ ಹಾಲ್ ಪಟೇಲ್, ಆಮೇಲೆ ವಾನ್ ವಾಕರ್, ಜೇಮ್ಸ್ ವೇರ್, ಕ್ಲಾಡಿಯಾ ವಿಲ್ಕೆನ್, ಫಿಲಿಸ್ ಹ್ಯಾಮಿಲ್ಟನ್, 2021ರಲ್ಲಿ ರಿಚರ್ಡ್ ಸೀಬೋರ್ಗ್ ಹೀಗೆ ಬಂದವರು. ಆಡಳಿತ, ಕಟ್ಟಡ, ಸಿಬ್ಬಂದಿ, ಸಮಿತಿಗಳ ಹೊಣೆ ಅವರದು. ಉಳಿದಂತೆ ಅವರೂ ಲಾಟರಿಯಲ್ಲಿ ತಮ್ಮ ಪಾಲು ಪಡೆಯುವ ಒಬ್ಬ ನ್ಯಾಯಾಧೀಶರು.

ಜೀವಾವಧಿ ನ್ಯಾಯಾಧೀಶರ ಜೊತೆಗೆ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರು ಎಂಬ ವರ್ಗವೊಂದಿದೆ. ಇವರನ್ನು ನೇಮಿಸುವವರು ಅಧ್ಯಕ್ಷರಲ್ಲ, ಜಿಲ್ಲಾ ನ್ಯಾಯಾಧೀಶರೇ ಬಹುಮತದಿಂದ 8 ವರ್ಷಗಳ ಅವಧಿಗೆ ನೇಮಿಸುತ್ತಾರೆ. ಬಂಧಿತರ ಮೊದಲ ಹಾಜರಿ, ಜಾಮೀನು, ಶೋಧನಾ ವಾರಂಟ್, ದಾಖಲೆ ಒದಗಿಸುವ ಬಗೆಗಿನ ಜಗಳ, ರಾಜಿ ಮಾತುಕತೆ ಇವರ ಕೆಲಸ. ಉತ್ತರ ಜಿಲ್ಲೆ ಇದನ್ನೂ ಮೀರಿ ಒಂದು ಹೆಜ್ಜೆ ಇಟ್ಟಿದೆ: ಸಿವಿಲ್ ದಾವೆಗಳ ಲಾಟರಿಯಲ್ಲಿ ಇವರ ಹೆಸರುಗಳನ್ನೂ ಸೇರಿಸುತ್ತದೆ. ಆದರೆ ಇವರು ಅಂತಿಮ ತೀರ್ಪು ಕೊಡಬೇಕಾದರೆ ಎಲ್ಲ ಕಕ್ಷಿದಾರರೂ ಒಪ್ಪಬೇಕು; ಒಬ್ಬರು ಬೇಡವೆಂದರೂ ಪ್ರಕರಣ ಮತ್ತೆ ಲಾಟರಿಗೆ ಹೋಗಿ ಜಿಲ್ಲಾ ನ್ಯಾಯಾಧೀಶರೊಬ್ಬರ ಪಾಲಾಗುತ್ತದೆ. ನಾನು ಹೇಳುತ್ತ ಬಂದ ಕಟ್ಟಳೆಗೆ ಇದೊಂದೇ ದೊಡ್ಡ ಅಪವಾದ. ಇಲ್ಲಿ ಮಾತ್ರ ಕಕ್ಷಿದಾರ ಬಂದ ನ್ಯಾಯಾಧೀಶರನ್ನು ಕಾರಣ ಹೇಳದೆ ಬಿಡಬಹುದು, ಆದರೆ ಬಿಟ್ಟ ಮೇಲೆ ಸಿಗುವವರು ಯಾರೆಂದು ತಿಳಿಯದೆ ಬಿಡಬೇಕು. ಈ ವರ್ಗದಿಂದ ಮೇಲೆ ಬಂದವರಲ್ಲಿ ಎಡ್ವರ್ಡ್ ಚೆನ್ ಒಬ್ಬರು. 2001ರಲ್ಲಿ ಈ ನ್ಯಾಯಾಲಯದ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಾದ ಅವರು ಹತ್ತು ವರ್ಷಗಳ ನಂತರ ಜಿಲ್ಲಾ ನ್ಯಾಯಾಧೀಶರಾದರು.

ಚೆನ್ ಅವರ ಹೆಸರು ನಮ್ಮನ್ನು ನೇರವಾಗಿ ಈ ನ್ಯಾಯಾಲಯದ ಚರಿತ್ರೆಯೊಳಗೆ ಕರೆದೊಯ್ಯುತ್ತದೆ, ಏಕೆಂದರೆ ಯುವ ವಕೀಲರಾಗಿದ್ದಾಗ ಅವರು ಫ್ರೆಡ್ ಕೊರೆಮಾತ್ಸು ಪರ ವಾದಿಸಿದ ತಂಡದಲ್ಲಿದ್ದರು. ಕೊರೆಮಾತ್ಸು ಓಕ್ಲೆಂಡಿನಲ್ಲಿ ಹುಟ್ಟಿದ, ಜಪಾನೀ ಮೂಲದ ಅಮೆರಿಕನ್ ಪ್ರಜೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರೆಲ್ಲ ಕರಾವಳಿ ಬಿಟ್ಟು ಶಿಬಿರಗಳಿಗೆ ಹೋಗಬೇಕೆಂಬ ಆದೇಶ ಮೀರಿದ್ದಕ್ಕೆ 1942ರಲ್ಲಿ ಅವರನ್ನು ತಪ್ಪಿತಸ್ಥರೆಂದು ಘೋಷಿಸಿದ್ದು ಇದೇ ಜಿಲ್ಲಾ ನ್ಯಾಯಾಲಯ; 1944ರಲ್ಲಿ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಸರ್ಕಾರ ಆಗ ಮುಖ್ಯ ದಾಖಲೆಗಳನ್ನು ಮುಚ್ಚಿಟ್ಟಿತ್ತೆಂದು ನಾಲ್ಕು ದಶಕಗಳ ಮೇಲೆ ಬೆಳಕಿಗೆ ಬಂದಾಗ ಅರ್ಜಿ ಹೋದದ್ದು ಮೂಲ ವಿಚಾರಣೆ ನಡೆದ ನ್ಯಾಯಾಲಯಕ್ಕೇ. 1983ರ ನವೆಂಬರಿನಲ್ಲಿ ನ್ಯಾಯಾಧೀಶೆ ಮರ್ಲಿನ್ ಹಾಲ್ ಪಟೇಲ್ ಆ ಶಿಕ್ಷೆಯನ್ನು ರದ್ದುಮಾಡಿದರು. ಸುಪ್ರೀಂ ಕೋರ್ಟಿನ ತೀರ್ಪನ್ನು ಅಳಿಸುವ ಅಧಿಕಾರ ಅವರಿಗಿರಲಿಲ್ಲ. ಆದರೆ ಅದು ನಿಂತಿದ್ದ ಸಂಗತಿಗಳು ಸುಳ್ಳೆಂದು ದಾಖಲಿಸುವ ಅಧಿಕಾರ ವಿಚಾರಣಾ ನ್ಯಾಯಾಲಯಕ್ಕೆ ಇತ್ತು, ಅದನ್ನು ಬಳಸಿದರು.

ಇನ್ನೂ ಹಿಂದಕ್ಕೆ ಹೋದರೆ, ಕ್ಯಾಲಿಫೋರ್ನಿಯ ರಾಜ್ಯವಾದ 1850ರಲ್ಲೇ ಸಂಸತ್ತು ಅಲ್ಲಿಗೆ ಎರಡು ಜಿಲ್ಲೆಗಳನ್ನು ಮಾಡಿತ್ತು. ಅವು 1866ರಲ್ಲಿ ಒಂದಾಗಿ, 1886ರಲ್ಲಿ ಮತ್ತೆ ಎರಡಾಗಿ, 1966ರಲ್ಲಿ ಈಗಿರುವ ನಾಲ್ಕಾದವು. ಉತ್ತರದ ಮೊದಲ ನ್ಯಾಯಾಧೀಶ ಆಗ್ಡನ್ ಹಾಫ್ಮನ್. ಮೂವತ್ತು ತುಂಬದ ವಯಸ್ಸಿನಲ್ಲಿ 1851ರಲ್ಲಿ ಬಂದು ಕುಳಿತವರು 1891ರಲ್ಲಿ ಸಾಯುವವರೆಗೆ ಏಳಲಿಲ್ಲ. ಮೆಕ್ಸಿಕೋ ಆಳ್ವಿಕೆಯ ಭೂಮಿ ಸನ್ನದುಗಳ ಜಗಳ ಅವರ ಮೊದಲ ದಶಕಗಳನ್ನು ನುಂಗಿದರೆ, 1882ರ ಚೀನೀ ಬಹಿಷ್ಕಾರ ಕಾಯ್ದೆಯ ನಂತರ ಹಡಗಿನಲ್ಲೇ ತಡೆಹಿಡಿಯಲ್ಪಟ್ಟ ಚೀನೀಯರ ಹೇಬಿಯಸ್ ಕಾರ್ಪಸ್ ಅರ್ಜಿಗಳು, ಅಂದರೆ ಬಂಧನವನ್ನು ಪ್ರಶ್ನಿಸುವ ಅರ್ಜಿಗಳು, ಸಾವಿರಗಟ್ಟಲೆ ಬಂದವು. ಚೀನೀಯರ ವಲಸೆ ಹಾಫ್ಮನ್‌ಗೆ ಹಿಡಿಸಿದ್ದಲ್ಲ. ಹಾಗಿದ್ದೂ ಬಂದ ಒಬ್ಬೊಬ್ಬರ ಅಹವಾಲನ್ನೂ ಬೇರೆಬೇರೆಯಾಗಿ ಕೇಳಿ ಅನೇಕರನ್ನು ಬಿಡಿಸಿದರು, ಅದಕ್ಕಾಗಿ ಪತ್ರಿಕೆಗಳಿಂದ ಬೈಸಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾದಿಂದ ಮರಳಿದಾಗ ಇಳಿಯಲು ಬಿಡದೆ ಹೋದದ್ದರ ವಿರುದ್ಧ 1896ರ ಜನವರಿಯಲ್ಲಿ ಇದೇ ನ್ಯಾಯಾಲಯದ ವಿಲಿಯಂ ಮಾರೊ ಅವರು ಆತ ಹುಟ್ಟಿನಿಂದಲೇ ಅಮೆರಿಕದ ಪ್ರಜೆ ಎಂದರು. ಸುಪ್ರೀಂ ಕೋರ್ಟು 1898ರಲ್ಲಿ ಅದನ್ನು ಒಪ್ಪಿತು. ಅಮೆರಿಕದಲ್ಲಿ ಹುಟ್ಟಿದ ನಮ್ಮವರ ಮಕ್ಕಳ ಪೌರತ್ವದ ಚರ್ಚೆ ಇಂದಿಗೂ ಆ ತೀರ್ಪಿನ ಸುತ್ತಲೇ ನಡೆಯುತ್ತದೆ.

ಭಾರತದ ಸ್ವಾತಂತ್ರ್ಯ ಹೋರಾಟದ ಒಂದು ಅಧ್ಯಾಯವೂ ಈ ನ್ಯಾಯಾಲಯದ ಕಡತದಲ್ಲಿದೆ. ಜರ್ಮನಿಯ ನೆರವಿನಿಂದ ಭಾರತಕ್ಕೆ ಶಸ್ತ್ರ ಸಾಗಿಸಲು ಸಂಚು ಮಾಡಿ ಅಮೆರಿಕದ ತಾಟಸ್ಥ್ಯ ಕಾನೂನನ್ನು ಮುರಿದರೆಂದು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಮೆರಿಕದಲ್ಲಿ ಸಂಘಟಿತರಾಗಿದ್ದ ಭಾರತೀಯರ ಗದರ್ ಪಕ್ಷದವರ ಮೇಲೂ ಜರ್ಮನ್ ಕಾನ್ಸಲ್ ಕಚೇರಿಯವರ ಮೇಲೂ ಹೂಡಿದ ಮೊಕದ್ದಮೆ 1917ರ ನವೆಂಬರಿನಿಂದ 1918ರ ಏಪ್ರಿಲ್‌ವರೆಗೆ ನ್ಯಾಯಾಧೀಶ ವಿಲಿಯಂ ವ್ಯಾನ್ ಫ್ಲೀಟ್ ಅವರ ಮುಂದೆ ನಡೆಯಿತು. ತಾರಕನಾಥ ದಾಸ್ ಆರೋಪಿಗಳಲ್ಲಿ ಒಬ್ಬರು. ವಿಚಾರಣೆ ಮುಗಿಯುವ ಹೊತ್ತಿಗೆ, ಕೋರ್ಟ್ ಹಾಲಿನೊಳಗೇ, ರಾಮಸಿಂಗ್ ಎಂಬ ಆರೋಪಿ ಸಹ ಆರೋಪಿ ರಾಮಚಂದ್ರ ಅವರನ್ನು ಗುಂಡಿಟ್ಟು ಕೊಂದನು. ಮರುಗಳಿಗೆಯಲ್ಲಿ ಕೋಣೆಯ ಇನ್ನೊಂದು ಕಡೆಯಿಂದ ನ್ಯಾಯಾಲಯದ ಭದ್ರತೆಯ ಅಧಿಕಾರಿಯಾದ ಮಾರ್ಷಲ್ ಹಾರಿಸಿದ ಗುಂಡಿಗೆ ರಾಮಸಿಂಗ್ ಬಿದ್ದನು. ಇಂದು ಆ ಕಟ್ಟಡಗಳ ಬಾಗಿಲಲ್ಲಿ ಪ್ರತಿಯೊಬ್ಬರ ಚೀಲವನ್ನೂ ಯಂತ್ರದೊಳಗೆ ಹಾಯಿಸುವ ಮಾರ್ಷಲ್ ಪಡೆಯನ್ನು ಕಂಡಾಗ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಹೆಸರು ಎತ್ತುವುದು ಯಂತ್ರವಾದರೂ ಕುಳಿತುಕೊಳ್ಳುವವರು ಮನುಷ್ಯರು, ಅವರವರ ಜಾಯಮಾನ ಅವರವರಿಗೆ. ವಿಲಿಯಂ ಆಲ್ಸಪ್ ಅವರಿಗೆ ಆರಕಲ್ ಮತ್ತು ಗೂಗಲ್ ನಡುವಿನ, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕುರಿತ ವ್ಯಾಜ್ಯ ಬಂದಾಗ, 2012ರ ವಿಚಾರಣೆಯಲ್ಲಿ, ಒಂಬತ್ತು ಸಾಲಿನ ಒಂದು ಸಣ್ಣ ಕೋಡಿನ ತುಣುಕನ್ನು ಆರಕಲ್ ವಕೀಲರು ಭಾರಿ ಸೊತ್ತೆಂಬಂತೆ ವರ್ಣಿಸಿದರು. ಅಂಥ ತುಣುಕನ್ನು ತಾನೇ ನೂರು ಸಲ ಬರೆದಿದ್ದೇನೆ ಎಂದು ಪೀಠದಿಂದಲೇ ಆಲ್ಸಪ್ ಹೇಳಿಬಿಟ್ಟರು, ಅವರಿಗೆ ಪ್ರೋಗ್ರಾಮಿಂಗ್ ಹವ್ಯಾಸವಿತ್ತು. ಅವರ ತೀರ್ಪನ್ನು ಮೇಲ್ಮನವಿ ನ್ಯಾಯಾಲಯ 2014ರಲ್ಲಿ ತಳ್ಳಿಹಾಕಿತು. 2021ರಲ್ಲಿ ಸುಪ್ರೀಂ ಕೋರ್ಟು ಬೇರೆ ಕಾರಣ ಕೊಟ್ಟು ಗೂಗಲ್ ಪರವಾಗಿಯೇ ಹೇಳಿತು. ತಾಂತ್ರಿಕ ಪ್ರಕರಣ ಬಂದಾಗ ವಾದಕ್ಕೆ ಮುಂಚೆ ಎರಡೂ ಕಡೆಯವರಿಂದ ಪಾಠ ಹೇಳಿಸಿಕೊಳ್ಳುವುದು ಅವರ ರೂಢಿ. ಸ್ಯಾನ್ ಹೋಸೆಯಲ್ಲಿ ಲೂಸಿ ಕೋ ಅವರ ಮುಂದೆ ಆ್ಯಪಲ್ ಮತ್ತು ಸ್ಯಾಮ್‌ಸಂಗ್ 2012ರಲ್ಲಿ ಹೊಡೆದಾಡಿದವು, ಜ್ಯೂರಿ 100 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಹೇಳಿತು. ಅಲ್ಲಿಯೇ ರಕ್ತ ಪರೀಕ್ಷೆಯ ಹೆಸರಲ್ಲಿ ಹೂಡಿಕೆದಾರರನ್ನು ವಂಚಿಸಿದ ಥೆರಾನೋಸ್ ಕಂಪನಿಯ ಎಲಿಜಬೆತ್ ಹೋಮ್ಸ್‌ಗೆ 2022ರಲ್ಲಿ 11 ವರ್ಷ 3 ತಿಂಗಳ ಸೆರೆ ವಿಧಿಸಿದ ಎಡ್ವರ್ಡ್ ದಾವಿಲಾ, ಒಂದು ಕಾಲದಲ್ಲಿ ಅದೇ ಕೌಂಟಿಯಲ್ಲಿ ಬಡ ಆರೋಪಿಗಳ ಪರ ನಿಲ್ಲುವ ಸರ್ಕಾರಿ ವಕೀಲರಾಗಿದ್ದವರು. ಕಳೆನಾಶಕ ರೌಂಡಪ್‌ನಿಂದ ಕ್ಯಾನ್ಸರ್ ಬಂತೆಂಬ ದಾವೆಗಳ ರಾಶಿಯನ್ನು ಒಪ್ಪಿಸಿದ್ದು ಭಾರತೀಯ ಮೂಲದ ವಿನ್ಸ್ ಛಾಬ್ರಿಯಾ ಅವರಿಗೆ. ನನ್ನ ಮಟ್ಟಿಗೆ ಇವರೆಲ್ಲರಿಗಿಂತ ಗಟ್ಟಿ ಕೆಲಸ ತೆಲ್ಟನ್ ಹೆಂಡರ್ಸನ್ ಅವರದು: ಕ್ಯಾಲಿಫೋರ್ನಿಯದ ಸೆರೆಮನೆಗಳಲ್ಲಿ ಕೈದಿಗಳಿಗೆ ಸರಿಯಾದ ವೈದ್ಯಕೀಯ ಆರೈಕೆ ಸಿಗದೆ ಸಾವುಗಳು ಸಂಭವಿಸುತ್ತಿದ್ದುದನ್ನು ಕಂಡು, ಹಲವು ವಾಯಿದೆಗಳನ್ನು ಕೊಟ್ಟು ನೋಡಿ, ಕೊನೆಗೆ 2005ರಲ್ಲಿ ಸೆರೆಮನೆಗಳ ಇಡೀ ಆರೋಗ್ಯ ವ್ಯವಸ್ಥೆಯನ್ನು ರಾಜ್ಯದ ಕೈಯಿಂದ ಕಿತ್ತು ನ್ಯಾಯಾಲಯ ನೇಮಿಸುವ ಆಡಳಿತಗಾರರಾದ ರಿಸೀವರ್ ವಶಕ್ಕೆ ಕೊಡಲು ತೀರ್ಮಾನಿಸಿದರು. ಒಬ್ಬ ಚುನಾಯಿತನಲ್ಲದ ವ್ಯಕ್ತಿ ಇಷ್ಟು ಮಾಡಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಜೈಲಿನೊಳಗಿನವರ ಪರ ಯಾವ ಚುನಾಯಿತನೂ ಮಾಡುತ್ತಿರಲಿಲ್ಲ ಎಂಬುದು ನನ್ನ ಉತ್ತರ.

ನಮ್ಮ ಹುಡುಗರ ಬದುಕನ್ನು ನೇರವಾಗಿ ತಟ್ಟಿದ ಆದೇಶವೂ ಒಂದಿದೆ. ಎಚ್-1ಬಿ ವೀಸಾದಾರರ ಕನಿಷ್ಠ ವೇತನವನ್ನು ದಿಢೀರನೆ ಏರಿಸಿ, ಅರ್ಹತೆಯನ್ನು ಬಿಗಿಮಾಡಿ 2020ರ ಅಕ್ಟೋಬರಿನಲ್ಲಿ ಹೊರಡಿಸಿದ ನಿಯಮಗಳನ್ನು ನ್ಯಾಯಾಧೀಶ ಜೆಫ್ರಿ ವೈಟ್ ಅದೇ ಡಿಸೆಂಬರ್ 1ರಂದು ರದ್ದುಪಡಿಸಿದರು. ನಿಯಮ ಒಳ್ಳೆಯದೋ ಕೆಟ್ಟದ್ದೋ ಎಂಬ ಗೋಜಿಗೆ ಅವರು ಹೋಗಲಿಲ್ಲ. ಸಾರ್ವಜನಿಕರ ಅಭಿಪ್ರಾಯ ಕೇಳದೆ ತುರ್ತಾಗಿ ಹೊರಡಿಸಲು ಸರ್ಕಾರ ಕೊಟ್ಟ ಕಾರಣ ಸಾಲದು ಎಂದಷ್ಟೇ ಹೇಳಿದರು. ಒಂದು ಜಿಲ್ಲೆಯ ನ್ಯಾಯಾಧೀಶರ ನಿರ್ಬಂಧಕಾಜ್ಞೆ ದೇಶಕ್ಕೆಲ್ಲ ಅನ್ವಯಿಸಬಹುದೇ ಎಂಬ ವಿವಾದದಲ್ಲಿ 2025ರ ಜೂನಿನಲ್ಲಿ ಸುಪ್ರೀಂ ಕೋರ್ಟು ಕಡಿವಾಣ ಹಾಕಿರುವುದನ್ನೂ ಇಲ್ಲಿ ಹೇಳಬೇಕು.

ನ್ಯಾಯಾಧೀಶರನ್ನು ತೆಗೆಯುವ ದಾರಿ ಒಂದೇ, ಮಹಾಭಿಯೋಗ. ದೇಶದ ಇಡೀ ಚರಿತ್ರೆಯಲ್ಲಿ ಕೆಳಮನೆ ಮಹಾಭಿಯೋಗ ಹೊರಿಸಿದ ಫೆಡರಲ್ ನ್ಯಾಯಾಧೀಶರು 15 ಮಂದಿ, ಸೆನೆಟ್ ತಪ್ಪಿತಸ್ಥರೆಂದು ತೆಗೆದದ್ದು 8 ಮಂದಿಯನ್ನು. ಆ 15ರಲ್ಲಿ ಒಬ್ಬರು ಉತ್ತರ ಜಿಲ್ಲೆಯ ಹೆರಾಲ್ಡ್ ಲೌಡರ್‌ಬ್ಯಾಕ್. ದಿವಾಳಿಯಾದ ಸಂಸ್ಥೆಗಳಿಗೆ ರಿಸೀವರುಗಳನ್ನು ನೇಮಿಸುವಾಗ ತಮಗೆ ಬೇಕಾದವರಿಗೆ ಕೊಟ್ಟು, ಭಾರಿ ಶುಲ್ಕ ಸಿಗುವಂತೆ ಮಾಡಿದರೆಂಬುದು 1933ರಲ್ಲಿ ಅವರ ಮೇಲೆ ಬಂದ ಆರೋಪ. ಒಂದು ಆರೋಪದ ಮೇಲೆ ಸೆನೆಟ್‌ನಲ್ಲಿ ಬಹುಮತ ಅವರ ವಿರುದ್ಧವೇ ಬಿದ್ದರೂ ಮೂರನೇ ಎರಡು ಪಾಲು ಆಗದೆ ಅವರು ಪಾರಾದರು, 1941ರಲ್ಲಿ ಸಾಯುವವರೆಗೆ ಅದೇ ಕುರ್ಚಿಯಲ್ಲಿದ್ದರು. ಪ್ರಕರಣದ ಹಂಚಿಕೆಯಲ್ಲಿ ಆಯ್ಕೆಯನ್ನು ತೆಗೆದಿಟ್ಟರೂ ನ್ಯಾಯಾಧೀಶರ ಕೈಯಲ್ಲಿ ಉಳಿಯುವ ಆಯ್ಕೆಗಳು ಎಲ್ಲಿವೆ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

ವಾನ್ ವಾಕರ್ ಪ್ರಕರಣ ಬೇರೊಂದು ಬಗೆಯದು. ಸಲಿಂಗ ವಿವಾಹವನ್ನು ನಿಷೇಧಿಸಿದ್ದ ರಾಜ್ಯದ ಜನಮತ ನಿರ್ಣಯದ ವಿರುದ್ಧದ ದಾವೆ 2009ರಲ್ಲಿ ಲಾಟರಿಯಲ್ಲಿ ಅವರ ಪಾಲಿಗೆ ಬಂತು. 2010ರ ಜನವರಿಯಲ್ಲಿ ಜ್ಯೂರಿಯಿಲ್ಲದೆ ಸಾಕ್ಷ್ಯ ಕೇಳಿ ಆಗಸ್ಟಿನಲ್ಲಿ ಅವರು ನಿಷೇಧವನ್ನು ಸಂವಿಧಾನಬಾಹಿರವೆಂದರು. ವಿಚಾರಣೆಯನ್ನು ಕ್ಯಾಮೆರಾದಲ್ಲಿ ಬಿತ್ತರಿಸುವ ಅವರ ಏರ್ಪಾಡನ್ನು ಮಾತ್ರ ಸುಪ್ರೀಂ ಕೋರ್ಟು ತಡೆದಿತ್ತು. ನಿವೃತ್ತರಾದ ಮೇಲೆ ತಾನೂ ಸಲಿಂಗಿಯೆಂದು, ಬಹುಕಾಲದ ಸಂಗಾತಿ ಇದ್ದಾರೆಂದು ಅವರು ಹೇಳಿಕೊಂಡಾಗ ನಿಷೇಧದ ಪರವಾದಿಗಳು ಆ ತೀರ್ಪನ್ನೇ ರದ್ದು ಮಾಡಬೇಕೆಂದು ಅರ್ಜಿ ಹಾಕಿದರು. ಅರ್ಜಿ ಬಂದದ್ದು ಅವರ ನಂತರ ಮುಖ್ಯ ನ್ಯಾಯಾಧೀಶರಾದ ಜೇಮ್ಸ್ ವೇರ್ ಅವರ ಮುಂದೆ. 2011ರ ಜೂನಿನಲ್ಲಿ ವೇರ್ ಅದನ್ನು ತಳ್ಳಿಹಾಕಿದರು: ಒಂದು ಸಮುದಾಯಕ್ಕೆ ಸೇರಿದ ಮಾತ್ರಕ್ಕೆ ಆ ಸಮುದಾಯದ ಹಕ್ಕಿನ ಪ್ರಕರಣ ಕೇಳಬಾರದೆಂದರೆ ಅಲ್ಪಸಂಖ್ಯಾತರಾದ ಯಾವ ನ್ಯಾಯಾಧೀಶರೂ ಆ ಬಗೆಯ ಪ್ರಕರಣ ಕೇಳುವಂತಿರುವುದಿಲ್ಲ. ವೇರ್ ಸ್ವತಃ ಕರಿಯ ಸಮುದಾಯದವರು. ಲಾಟರಿಯನ್ನು ಹಿಂದಿನ ಬಾಗಿಲಿನಿಂದ ಸೋಲಿಸುವ ಪ್ರಯತ್ನ ಅಲ್ಲಿಗೆ ನಿಂತಿತು, ಮೇಲ್ಮನವಿ ನ್ಯಾಯಾಲಯವೂ ವೇರ್ ಹೇಳಿದ್ದನ್ನೇ ಒಪ್ಪಿತು.

ಉಪನ್ಯಾಸದ ಕೊನೆಗೆ ಒಬ್ಬ ವಿದ್ಯಾರ್ಥಿನಿ ಜ್ಯೂರಿಯ ಬಗ್ಗೆ ಕೇಳಿದ್ದರು. ಆ ಉತ್ತರವನ್ನೂ ಸೇರಿಸುತ್ತೇನೆ. ಜ್ಯೂರಿಗೂ ಕರೆ ಹೋಗುವುದು ಲಾಟರಿಯಿಂದಲೇ, ಮತದಾರರ ಪಟ್ಟಿಯಂಥ ಪಟ್ಟಿಗಳನ್ನು ಆಧರಿಸಿ. ಪೌರತ್ವ ಬೇಕು, 18 ತುಂಬಿರಬೇಕು, ಆ ಜಿಲ್ಲೆಯಲ್ಲಿ ಒಂದು ವರ್ಷ ವಾಸವಿರಬೇಕು, ಇಂಗ್ಲಿಷ್ ಬರಬೇಕು. ಗ್ರೀನ್ ಕಾರ್ಡಿನವರಿಗೆ ಕರೆ ಬಂದರೆ ತಾವು ಪ್ರಜೆಯಲ್ಲವೆಂದು ತಿಳಿಸಿ ಬಿಡುಗಡೆ ಪಡೆಯುತ್ತಾರೆ. ಪೌರತ್ವದ ಪ್ರಮಾಣ ಸ್ವೀಕರಿಸಿದ ನಮ್ಮವರಿಗೆ ಸ್ಯಾನ್ ಹೋಸೆಯ ದಕ್ಷಿಣ ಮೊದಲನೇ ಬೀದಿಯಲ್ಲಿರುವ ರಾಬರ್ಟ್ ಪೆಕ್‌ಹ್ಯಾಮ್ ಕಟ್ಟಡದಿಂದ ಆ ಪತ್ರ ಬಂದರೆ ದಿನಕ್ಕೆ 50 ಡಾಲರ್ ಭತ್ಯೆಯ ಮೇಲೆ ಹೋಗಿ ಕೂರಬೇಕು. ಕ್ರಿಮಿನಲ್ ಪ್ರಕರಣದಲ್ಲಿ 12 ಜನರೂ ಒಮ್ಮತಕ್ಕೆ ಬರಬೇಕು. ಸಿವಿಲ್ ಪ್ರಕರಣದಲ್ಲಿ ಕನಿಷ್ಠ 6 ಜನ ಇದ್ದರೆ ಸಾಕು, ಆದರೆ ಕಕ್ಷಿದಾರರು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಅಲ್ಲೂ ಒಮ್ಮತವೇ ಬೇಕು. ಇಲ್ಲಿ ಮಾತ್ರ ವಕೀಲರಿಗೆ ಕೆಲವು ಹೆಸರುಗಳನ್ನು ಕಾರಣ ಹೇಳದೆ ಹೊಡೆದುಹಾಕುವ ಅವಕಾಶ ಉಂಟು, ಆದರೆ ಜನಾಂಗ ಅಥವಾ ಲಿಂಗವನ್ನು ನೋಡಿ ಹೊಡೆದರೆಂದು ಕಂಡುಬಂದರೆ ನ್ಯಾಯಾಧೀಶರು ಅದನ್ನು ತಡೆಯುತ್ತಾರೆ.